ಕಂಪ್ಯೂಟರಿನಲ್ಲಿ ಬೇಗ ಕೆಲಸ ಮುಗಿಸೋಕೆ ಮೆಕ್ಯಾನಿಕಲ್ ಕೀಬೋರ್ಡು, ಲಿನಕ್ಸು, ಎರಡು ಮಾನಿಟರು ಎಲ್ಲ ಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮಂಡ್ಯದಲ್ಲಿ ಕ್ರಯಪತ್ರದಂಥ ಆಸ್ತಿಪತ್ರ ಬರೆದುಕೊಡುವ ಪತ್ರಬರಹಗಾರರೊಬ್ಬರ ಹತ್ತಿರ ಆಪರೇಟರ್ ಆಗಿ ಸೇರಿದ್ದೀರಿ. ಲ್ಯಾಪ್‌ಟಾಪು ಹಳೇದು: 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕು. ದಿನವಿಡೀ ಕನ್ನಡ ಟೈಪಿಂಗು, ನಡುವೆ ಸ್ವಲ್ಪ ಎಕ್ಸೆಲ್. ಕಂಪ್ಯೂಟರ್ ಹುಚ್ಚಿನ ಗೆಳೆಯರಲ್ಲಿ ಒಬ್ಬ ಮೆಕ್ಯಾನಿಕಲ್ ಕೀಬೋರ್ಡ್ (ಒಂದೊಂದು ಕೀಲಿಗೂ ಬೇರೆ ಸ್ವಿಚ್ಚು ಇರುವುದು) ತಗೋ ಅಂತಾನೆ, ಇನ್ನೊಬ್ಬ ವಿಂಡೋಸ್ ಕಿತ್ತು ಆರ್ಚ್ ಲಿನಕ್ಸ್ ಹಾಕು ಅಂತಾನೆ, ಮೂರನೆಯವನು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬಣ್ಣದ ಲೈಟಿನ ಟವರ್ ಕಂಪ್ಯೂಟರ್ ಕಟ್ಟಿಸು ಅಂತಾನೆ. ನಿಮ್ಮ ಕೈಯಲ್ಲಿರೋದು ಹತ್ತು ಸಾವಿರ.

ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಡಿಟಿಪಿ ಮಾಡುವವನು. ಮಾನಸಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿಗಳ ಮಹಾಪ್ರಬಂಧ, ಲಗ್ನಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಆಗೀಗ ಕ್ರಯಪತ್ರ. ಅಂಗಡಿ ಬಾಗಿಲು ಹಾಕಿದ ಮೇಲೆ ನಾನೂ ನಿಮ್ಮ ಗೆಳೆಯರ ಗುಂಪಿನವನೇ. ಮನೆಯಲ್ಲಿ ಬಿಚ್ಚಿಟ್ಟ ಕ್ಯಾಬಿನೆಟ್ಟು ಮುಚ್ಚಿದ್ದೇ ಕಮ್ಮಿ. ಹಾಗಾಗಿ ಅವರ ಮೇಲೆ ನನಗೇನೂ ಕೋಪವಿಲ್ಲ.

ಏನನ್ನೇ ಕೊಳ್ಳುವ ಮುಂಚೆ ಒಂದು ದಿನ ಇದನ್ನಷ್ಟೇ ಗಮನಿಸಿ: ನೀವು ಯಂತ್ರಕ್ಕೆ ಕಾಯ್ತಿದ್ದೀರಾ, ಯಂತ್ರ ನಿಮಗೆ ಕಾಯ್ತಿದೆಯಾ? ಫೈಲ್ ತೆರೆಯಲು ಹೇಳಿ ಸುಮ್ಮನೆ ಕೂತಿರುತ್ತೀರಲ್ಲ, ಅದು ಮೊದಲನೆಯದು, ದುಡ್ಡಿನಿಂದ ಸರಿಹೋಗುತ್ತೆ. ಕರ್ಸರ್ ಮಿಟುಕಿಸುತ್ತಾ ನಿಂತಿದ್ದು, ನೀವು ಹೋದ ವರ್ಷದ ಯಾವುದೋ ಪತ್ರ ಹುಡುಕುತ್ತಿದ್ದರೆ ಅದು ಎರಡನೆಯದು. ಎಷ್ಟೇ ದುಡ್ಡು ಸುರಿದರೂ ಇದು ಹೋಗಲ್ಲ. ನಿಮ್ಮ ಗೆಳೆಯರ ಸಲಹೆಗಳಲ್ಲಿ ಇವೆರಡೂ ಕಲಸಿಹೋಗಿವೆ.

ಮೊದಲು ಯಂತ್ರ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರುತ್ತೆ. ಕೆಲಸ ಸಿಕ್ಕಿಹಾಕಿಕೊಂಡ ಹೊತ್ತಲ್ಲಿ ಡಿಸ್ಕ್ ಕಾಲಂ 100 ಶೇಕಡಾ ತೋರಿಸುತ್ತಾ, ಪ್ರೊಸೆಸರ್ ಹತ್ತು ಇಪ್ಪತ್ತರಲ್ಲೇ ಇದ್ದರೆ ಕಾರಣ ಸಿಕ್ಕಿತು. ಲ್ಯಾಪ್‌ಟಾಪಿನ ಮಾಮೂಲಿ ಹಾರ್ಡ್ ಡಿಸ್ಕು ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತೆ. ಬೇಕಾದ ಮಾಹಿತಿ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಸುಮಾರು ಐದೂವರೆ ಮಿಲಿಸೆಕೆಂಡು. ತಲೆ ಆ ಜಾಗಕ್ಕೆ ಸರಿಯಲು ಇನ್ನೂ ಹತ್ತರ ಆಸುಪಾಸು. ಅಲ್ಲಿಗೆ ಚದುರಿದ ತುಣುಕುಗಳನ್ನು ಸೆಕೆಂಡಿಗೆ ಅರವತ್ತೋ ಎಪ್ಪತ್ತೋ ಸಲ ಓದಬಹುದು, ಅಷ್ಟೇ. ವಿಂಡೋಸ್ ಶುರುವಾಗುವಾಗ ಇಂಥ ಸಾವಿರಾರು ತುಣುಕು ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದು ಏನೂ ಇಲ್ಲ, ಮಾಹಿತಿ ಇರುವುದು ಚಿಪ್ಪುಗಳಲ್ಲಿ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದುತ್ತೆ. ರ‍್ಯಾಮ್ 4 ಜಿಬಿ ತುಂಬಿದರೆ ವಿಂಡೋಸ್ ಹೆಚ್ಚಾದದ್ದನ್ನು ಅದೇ ಡಿಸ್ಕಿಗೆ ಇಳಿಸುತ್ತೆ. ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದ ಕೂಡಲೇ ವರ್ಡ್ ಕೂಡ ತೆವಳುವುದು ಅದಕ್ಕೇ.

ಹಾರ್ಡ್ ಡಿಸ್ಕ್ ಇದ್ದ ಜಾಗಕ್ಕೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ನೇರವಾಗಿ ಕೂರುತ್ತೆ. ರ‍್ಯಾಮಿಗೆ ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ ನೋಡಿ. ಅದನ್ನು ಕೂರಿಸುವ ಸ್ಲಾಟುಗಳಲ್ಲಿ ಎಷ್ಟು ತುಂಬಿವೆ ಅಂತ ಅಲ್ಲೇ ಬರೆದಿರುತ್ತೆ, ಖಾಲಿ ಇದ್ದರೆ ಇನ್ನೊಂದು ಹಾಕಿಸಬಹುದು. ಮೆಮೊರಿ ದರ ಏರಿಳಿಯುತ್ತಲೇ ಇರುತ್ತೆ, ಎರಡು ಮೂರು ಅಂಗಡಿಯಲ್ಲಿ ವಿಚಾರಿಸಿ. ದುಡ್ಡು ಒಂದಕ್ಕೇ ಸಾಲುವುದಾದರೆ ಎಸ್‌ಎಸ್‌ಡಿ ಮೊದಲು. ಯಂತ್ರದ ವಿಷಯ ಇಲ್ಲಿಗೆ ಮುಗಿಯಿತು, ಟವರ್ ಮರೆತುಬಿಡಿ.

ಇನ್ನು ನಿಮ್ಮ ಕೈ. ನಮ್ಮ ಕಸುಬಿನಲ್ಲಿ ಹೆಚ್ಚು ಹೊತ್ತು ನುಂಗುವುದು ಕನ್ನಡದ ಹಳೇ ಫಾಂಟುಗಳು. ನಿಮ್ಮ ಕಚೇರಿಯ ಕಡತಗಳು ನುಡಿ 01 ಇ ಥರದ ಫಾಂಟಿನಲ್ಲಿದ್ದರೆ ಅವು ನೋಡಲಷ್ಟೇ ಕನ್ನಡ. ಒಳಗೆ ಇಂಗ್ಲಿಷ್ ಅಕ್ಷರಗಳ, ಬಾಲ ಕೊಂಬು ಇರುವ ಯುರೋಪಿನ ಅಕ್ಷರಗಳ ಜಾಗದಲ್ಲಿ ನಮ್ಮ ಅಕ್ಷರದ ತುಂಡುಗಳನ್ನು ಕೂರಿಸಿರುತ್ತಾರೆ. ‘ಕೆರೆಗೋಡು’ ಅಂತ ಹುಡುಕಿದರೆ ಕಂಪ್ಯೂಟರಿಗೆ ಆ ಪದವೇ ಕಾಣಲ್ಲ. ಎಕ್ಸೆಲ್‌ನಲ್ಲಿ ಹೆಸರುಗಳನ್ನು ಅಕಾರಾದಿಗೆ ಹಾಕಿದರೆ ವರ್ಣಮಾಲೆಗೂ ಅದಕ್ಕೂ ಸಂಬಂಧವಿರಲ್ಲ. ಜಾಲತಾಣದ ಅರ್ಜಿಗೆ ಅಂಟಿಸಿದರೆ ಕಸ. ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಎಷ್ಟೋ ಪ್ರೆಸ್ಸುಗಳು ಪೇಜ್‌ಮೇಕರ್, ಕೋರೆಲ್ ಥರದ ಪುಟ ವಿನ್ಯಾಸದ ತಂತ್ರಾಂಶಗಳ ನೆಪದಲ್ಲಿ ಹಳೇ ಫಾಂಟಿಗೇ ಜೋತುಬಿದ್ದಿವೆ. ನಾನೂ ಲಗ್ನಪತ್ರಿಕೆಗೆ ಈಗಲೂ ಅದನ್ನೇ ಬಳಸುತ್ತೇನೆ, ಅಲಂಕಾರದ ಅಕ್ಷರ ಅಲ್ಲಿ ಹೆಚ್ಚು ಸಿಗುತ್ತವೆ ಅಂತ. ಆದರೆ ಕ್ರಯಪತ್ರಕ್ಕೆ ಅಲಂಕಾರ ಯಾಕೆ? ಇವತ್ತಿನಿಂದ ಹೊಸ ಕಡತ ಎಲ್ಲ ಯೂನಿಕೋಡಿನಲ್ಲೇ ಇರಲಿ, ಅಲ್ಲಿ ಕನ್ನಡದ ಅಕ್ಷರಕ್ಕೆ ತನ್ನದೇ ಸಂಕೇತ ಇರುತ್ತೆ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲೇ ಯೂನಿಕೋಡ್ ಆಯ್ಕೆ ಇದೆ, ಬೆರಳಿನ ಅಭ್ಯಾಸ ಬದಲಾಗಲ್ಲ. ಹಳೇ ಕಡತ ಪರಿವರ್ತಿಸುವಾಗ ನಡುವೆ ಇರುವ ಇಂಗ್ಲಿಷ್ ಪದಗಳನ್ನು ಮಾತ್ರ ಕಣ್ಣಿಟ್ಟು ನೋಡಿ. ಪರಿವರ್ತಕ ಅವನ್ನೂ ಕನ್ನಡ ಅಂದುಕೊಂಡು ಗೋಜಲು ಮಾಡಿರುತ್ತೆ.

ಕೀಲಿಮಣೆ ವಿನ್ಯಾಸ ಯಾವುದು ಅಂತ ನೀವು ಹೇಳಿಲ್ಲ. ಇಂಗ್ಲಿಷಿನಲ್ಲಿ ಉಚ್ಚಾರ ಬರೆದು ಕನ್ನಡ ಬರಿಸುವ ವಿಧಾನದಲ್ಲಿದ್ದರೆ ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಬನ್ನಿ. ನುಡಿ ನಿಂತಿರುವುದೂ ಅದರ ಮೇಲೇ. ಅಲ್ಲಿ ಅಕಾರಕ್ಕೆ ಬೇರೆ ಕೀಲಿ ಒತ್ತಬೇಕಿಲ್ಲ. ‘ನಗರ’ ಬರೆಯಲು ಲಿಪ್ಯಂತರದಲ್ಲಿ 6 ಒತ್ತು, ಇಲ್ಲಿ 3. ಒತ್ತಕ್ಷರಕ್ಕೆ ನಡುವೆ ಎಫ್. ಮೊದಲ ಕೆಲವು ದಿನ ಬೈಕೊಳ್ಳುತ್ತೀರಿ, ಆಮೇಲೆ ಬೆರಳು ತಾನೇ ಹೋಗುತ್ತೆ.

ಟೈಪಿಂಗ್ ವೇಗಕ್ಕಿಂತ ದೊಡ್ಡ ಉಳಿತಾಯ ಟೈಪ್ ಮಾಡದೇ ಇರುವುದರಲ್ಲಿದೆ. ‘ಈ ಕೆಳಕಂಡ ಸಾಕ್ಷಿಗಳ ಸಮಕ್ಷಮದಲ್ಲಿ ಖುದ್ದು ಒಪ್ಪಿ ಸಹಿ ಮಾಡಿರುತ್ತೇನೆ’ ಅಂತ ದಿನಕ್ಕೆ ಎಷ್ಟು ಸಲ ಬಡಿಯುತ್ತೀರಿ? ವರ್ಡ್‌ನಲ್ಲಿ ಆ ಸಾಲನ್ನು ಆಯ್ದು ಆಲ್ಟ್ ಮತ್ತು ಎಫ್ 3 ಒತ್ತಿ, ಒಂದು ಚಿಕ್ಕ ಹೆಸರು ಕೊಡಿ. ಆಮೇಲೆ ಆ ಹೆಸರು ಬರೆದು ಎಫ್ 3 ಒತ್ತಿದರೆ ಇಡೀ ಸಾಲು ಬಂದು ಕೂರುತ್ತೆ. ಚಕ್ಕುಬಂದಿಯ ನಾಲ್ಕು ದಿಕ್ಕಿನ ಚೌಕಟ್ಟು, ಷೆಡ್ಯೂಲಿನ ತಲೆಬರಹ, ಎಲ್ಲವನ್ನೂ ಹೀಗೆ ಇಟ್ಟುಕೊಳ್ಳಿ. ಒಂದು ಸಲಕ್ಕೆ 5 ಸೆಕೆಂಡು ಉಳಿದು, ದಿನಕ್ಕೆ 50 ಸಲ ಬಳಸಿ, ವರ್ಷಕ್ಕೆ 300 ದಿನ ಕೆಲಸ ಮಾಡಿದರೂ 75,000 ಸೆಕೆಂಡು, 20 ಗಂಟೆಗೂ ಜಾಸ್ತಿ ಉಳಿಯುತ್ತೆ.

ಹಳೇ ಪತ್ರವನ್ನೇ ತೆಗೆದು ಹೆಸರು ಬದಲಿಸಿ ಹೊಸದು ಮಾಡುವ ಪದ್ಧತಿ ಎಲ್ಲ ಕಡೆ ಇದೆ, ನಿಮ್ಮಲ್ಲೂ ಇರುತ್ತೆ. ಮೂರನೇ ಪುಟದಲ್ಲಿ ಹಿಂದಿನ ಪಾರ್ಟಿಯ ತಂದೆ ಹೆಸರು ಉಳಿದುಬಿಟ್ಟರೆ ತಿದ್ದುಪಡಿ ಪತ್ರದ ಖರ್ಚು ಯಾರ ತಲೆಗೆ? ಅದರ ಬದಲು ಎಕ್ಸೆಲ್‌ನಲ್ಲಿ ಒಬ್ಬ ಪಾರ್ಟಿಗೆ ಒಂದು ಸಾಲು ಮಾಡಿ: ಹೆಸರು, ತಂದೆ ಅಥವಾ ಗಂಡನ ಹೆಸರು, ಗ್ರಾಮ, ಹೋಬಳಿ, ಸರ್ವೆ ನಂಬರು, ವಿಸ್ತೀರ್ಣ. ವರ್ಡ್‌ನ ಮೇಲ್ ಮರ್ಜ್ ಆ ಸಾಲನ್ನು ಪತ್ರದ ಖಾಲಿ ಜಾಗಗಳಿಗೆಲ್ಲ ತುಂಬುತ್ತೆ. ಡೈರಿ ಸಂಘದ ಸರ್ವಸದಸ್ಯರ ಸಭೆಯ ನೋಟಿಸು ಟೈಪಿಂಗಿಗೆ ಬಂದಾಗ ನಾನೂರು ಸದಸ್ಯರಿಗೂ ಹೆಸರಿನ ಸಮೇತ ತೆಗೆಯುವುದು ಪ್ರಿಂಟರಿನ ಕೆಲಸ ಆಗುತ್ತೆ, ನಿಮ್ಮದಲ್ಲ.

ಹುಡುಕುವುದಕ್ಕೆ ಎವೆರಿಥಿಂಗ್ ಅನ್ನೋ ಚಿಕ್ಕ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದು ಫೋಲ್ಡರ್ ಫೋಲ್ಡರ್ ತಡಕಲ್ಲ, ಡಿಸ್ಕಿನಲ್ಲಿರುವ ಕಡತಗಳ ಪಟ್ಟಿಯನ್ನೇ ಓದಿಟ್ಟುಕೊಂಡಿರುತ್ತೆ, ಹಾಗಾಗಿ ಅಕ್ಷರ ಒತ್ತುತ್ತಿದ್ದ ಹಾಗೇ ಫಲಿತಾಂಶ. ಅದು ನೋಡುವುದು ಕಡತದ ಹೆಸರನ್ನು. ‘ಹೊಸ ಕಡತ 7 ಫೈನಲ್ ಫೈನಲ್’ ಅಂತ ಇಟ್ಟಿದ್ದರೆ ದೇವರೇ ಕಾಪಾಡಬೇಕು. ‘2025-11-04 ಕೊತ್ತತ್ತಿ 112-3 ಕ್ರಯ’ ಅಂತ ಇಡಿ. ವರ್ಷ ಮೊದಲು ಬಂದರೆ ಪಟ್ಟಿ ತಾನಾಗೇ ಕಾಲಕ್ರಮಕ್ಕೆ ಕೂರುತ್ತೆ. ಸರ್ವೆ ನಂಬರಿನ ಓರೆಗೆರೆಯನ್ನು ವಿಂಡೋಸ್ ಕಡತದ ಹೆಸರಿನಲ್ಲಿ ಬಿಡಲ್ಲ, ಅದಕ್ಕೇ ಅಡ್ಡಗೆರೆ. ಇನ್ನೊಂದು, ವಿಂಡೋಸ್ ಕೀ ಜೊತೆ ವಿ ಒತ್ತಿ ನೋಡಿ: ಮೊದಲ ಸಲ ಆನ್ ಮಾಡಲು ಕೇಳುತ್ತೆ, ಆಮೇಲಿಂದ ಇತ್ತೀಚೆಗೆ ಕಾಪಿ ಮಾಡಿದ್ದು ಸಾಲಾಗಿ ಬರುತ್ತೆ. 2018ರ ಕೊನೆಯಿಂದ ವಿಂಡೋಸ್ 10ರಲ್ಲೇ ಇದೆ, ಆದರೂ ಎಷ್ಟೋ ಹಳೇ ಆಪರೇಟರುಗಳಿಗೆ ಗೊತ್ತೇ ಇಲ್ಲ.

ಈಗ ನಿಮ್ಮ ಗೆಳೆಯರ ವಿಚಾರ. ಮೌಸ್ ಮುಟ್ಟದೆ ಕೆಲಸ ಮಾಡಬೇಕು ಅನ್ನುವ ಅವರ ಹಟಕ್ಕೆ ಒಂದು ಚರಿತ್ರೆ ಇದೆ. ಅವರು ದೇವರ ಹಾಗೆ ನೆನೆಯುವ, ಬರಹ ತಿದ್ದುವ ವಿಮ್ ಎಡಿಟರಿನ ಮೂಲ ವಿಐ ಅನ್ನೋ ಹಳೇ ಎಡಿಟರು. 1976ರಲ್ಲಿ ಬಿಲ್ ಜಾಯ್ ಅದನ್ನು ಬರೆಯುವಾಗ ಮನೆಯಿಂದ ಫೋನ್ ತಂತಿಯ 300 ಬಾಡ್ ಮೋಡೆಮಿನಲ್ಲಿ ಕೆಲಸ ಮಾಡುತ್ತಿದ್ದರು. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 24 ಸಾಲಿನ, 80 ಅಕ್ಷರ ಅಗಲದ ಪರದೆ ಒಂದು ಸಲ ತುಂಬಲು ಒಂದು ನಿಮಿಷಕ್ಕೂ ಮೇಲೆ. ಅಂಥ ಕಡೆ ಎರಡೇ ಕೀಲಿಯಲ್ಲಿ ಒಂದು ಸಾಲು ಅಳಿಸುವ ಜಾಣತನ ಬೇಕೇ ಬೇಕಿತ್ತು. ಅವರು ಬಳಸಿದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೇ ಅಚ್ಚಾಗಿದ್ದವು. ಇವತ್ತಿಗೂ ವಿಮ್ ಬಳಸುವವರು ಕರ್ಸರ್ ಓಡಿಸುವುದು ಅದೇ ನಾಲ್ಕರಲ್ಲಿ. ಮನುಷ್ಯ ಯಂತ್ರಕ್ಕೆ ಕಾಯುತ್ತಿದ್ದ ಕಾಲದ ಉಪಾಯ ಅದು. ಪ್ರೋಗ್ರಾಂ ಬರೆಯುವವರಿಗೆ ಈಗಲೂ ಒಳ್ಳೆಯದೇ. ಕನ್ನಡದ ಕ್ರಯಪತ್ರಕ್ಕೆ ಹೊಂದಲ್ಲ, ಅಲ್ಲಿ ಆಜ್ಞೆಗಳೆಲ್ಲ ಇಂಗ್ಲಿಷ್ ಅಕ್ಷರಗಳು. ಸಾಲುಸಾಲಿಗೂ ಭಾಷೆ ಬದಲಿಸುತ್ತಾ ಕೂರಬೇಕಾಗುತ್ತೆ.

ಡೆಸ್ಕ್‌ಟಾಪ್ ಸಿಂಗರಿಸಿ ಫೋಟೋ ಹಾಕುವುದು, ಕೇಬಲ್‌ಗಳನ್ನು ಜಡೆ ಹೆಣೆದಂತೆ ಕಟ್ಟುವುದು, ತಿಂಗಳಿಗೊಂದು ಲಿನಕ್ಸ್ ಬದಲಿಸುವುದು, ಇವೆಲ್ಲ ನಿಮ್ಮ ಕಡೆ ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ ಕಿಚ್ಚು ಹಾಯಿಸುತ್ತಾರಲ್ಲ, ಹಾಗೆ. ಅದರಿಂದ ಉಳುಮೆ ಒಂದು ಗುಂಟೆಯೂ ಹೆಚ್ಚಲ್ಲ. ಆದರೆ ಹಾಗೆ ಸಿಂಗರಿಸುವವನಿಗೇ ಎತ್ತಿನ ಗೊರಸು ಯಾವಾಗ ನೋಯುತ್ತೆ ಅಂತ ಮೊದಲು ಗೊತ್ತಾಗೋದು. ಎಸ್‌ಎಸ್‌ಡಿ ಹಾಕಿಸುವ ದಿನ ಆ ಗೆಳೆಯರಲ್ಲೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿ. ಅಂಗಡಿಯವರು ಏನು ಹಾಕಿದರು ಅಂತ ನೋಡುವ ಕಣ್ಣು ಅವನಿಗಿರುತ್ತೆ.

ಮೆಕ್ಯಾನಿಕಲ್ ಕೀಬೋರ್ಡ್ ಬೆರಳಿಗೆ ಹಿತ, ಬಹಳ ವರ್ಷ ಬಾಳುತ್ತೆ, ನನ್ನ ಹತ್ತಿರವೂ ಇದೆ. ವೇಗ ಅಷ್ಟೇನೂ ಹೆಚ್ಚಲ್ಲ. ನೀಲಿ ಸ್ವಿಚ್ಚಿನದಂತೂ ಕಚೇರಿಗೆ ಬೇಡ, ಆ ಟಕಟಕಕ್ಕೆ ಪಕ್ಕದ ಮೇಜಿನವರು ಎದ್ದು ಬರುತ್ತಾರೆ. ಎರಡನೇ ಮಾನಿಟರ್ ಮಾತ್ರ ನಿಜಕ್ಕೂ ಬೇಕು. ಒಂದು ಕಡೆ ಸ್ಕ್ಯಾನ್ ಮಾಡಿದ ಹಳೇ ಪತ್ರ, ಪಹಣಿ. ಇನ್ನೊಂದು ಕಡೆ ನಿಮ್ಮ ಟೈಪಿಂಗು. ಸರ್ವೆ ನಂಬರ್ ತಪ್ಪುವುದು ಹೆಚ್ಚಾಗಿ ಪರದೆ ಅದಲುಬದಲು ಮಾಡುವಾಗಲೇ. ಹೊಸದೇ ಆಗಬೇಕಿಲ್ಲ, ಯಾವುದಾದರೂ ಆಫೀಸಿನವರು ಮಾರಿದ 19 ಇಂಚಿನದು ಸಾಕು. ಕೊಳ್ಳುವ ಮುಂಚೆ ಅದರ ಕೇಬಲ್ ನಿಮ್ಮ ಲ್ಯಾಪ್‌ಟಾಪಿಗೆ ಹೊಂದುತ್ತಾ ನೋಡಿ.

ಲಿನಕ್ಸನ್ನು ಕಚೇರಿ ಯಂತ್ರಕ್ಕೆ ಹಾಕಬೇಡಿ. ನುಡಿ ವಿಂಡೋಸಿನದು, ಹೆಬ್ಬೆಟ್ಟಿನ ಗುರುತು ತೆಗೆಯುವ ಯಂತ್ರ, ಡಿಜಿಟಲ್ ಸಹಿಯ ಟೋಕನ್, ಹಳೇ ಸ್ಕ್ಯಾನರ್ ಇವುಗಳ ಡ್ರೈವರ್ ಬಹುಪಾಲು ಅದಕ್ಕೇ ಸಿಗೋದು. ಮನೆಯಲ್ಲಿ ಹಳೇ ಡೆಸ್ಕ್‌ಟಾಪ್ ಇದ್ದರೆ ವಿಷಯ ಬೇರೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11 ಬೇಕೆಂದರೆ ಟಿಪಿಎಂ 2.0 ಅನ್ನೋ ಭದ್ರತೆಯ ಸೌಲಭ್ಯ ಇರಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಇವಿಲ್ಲದ ಯಂತ್ರವನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಮಿಂಟ್ ಹಾಕಿ. ಅದರ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ಅಂತ ಒಂದಿದೆ, ಕನ್ನಡ ಗಣಕ ಪರಿಷತ್ತಿನ ವಿನ್ಯಾಸ. ನುಡಿಯಲ್ಲಿ ಕಲಿತ ಬೆರಳು ಅಲ್ಲೂ ಬಹುಪಾಲು ಹಾಗೇ ಓಡುತ್ತೆ. ಆರ್ಚ್ ಆಮೇಲೆ ನೋಡೋಣ.

ವಾಟ್ಸ್ಆಪ್ ವೆಬ್ಬಿನ ಸದ್ದು ಆರಿಸಿ. ಪಾರ್ಟಿಗಳು ಆಧಾರ್ ಫೋಟೋ ಕಳಿಸುತ್ತಲೇ ಇರುತ್ತಾರೆ, ಒಂದು ಪತ್ರ ಮುಗಿದ ಮೇಲೆ ನೋಡಿದರೆ ಏನೂ ಮುಳುಗಲ್ಲ.

ಕೊನೆಗೆ, ಎಸ್‌ಎಸ್‌ಡಿ ಹಾಕಿಸಿದಾಗ ಹಳೇ ಹಾರ್ಡ್ ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಅದರ ತುಂಬ ಜನರ ಆಧಾರ್, ಪ್ಯಾನ್, ಕ್ರಯಪತ್ರ ಇರುತ್ತವೆ. ಕಾಪಿ ಮಾಡುವಾಗ ಎದುರಿಗೇ ನಿಂತಿರಿ, ಹಳೇದನ್ನು ಕೇಳಿ ಪಡೆದು ಒಂದು ಯುಎಸ್‌ಬಿ ಕೇಸಿಗೆ ಹಾಕಿಸಿಕೊಳ್ಳಿ. ಡಿಸ್ಕು ಕೆಡದೆ ಇದ್ದರೆ ಪ್ರತಿ ಶನಿವಾರ ಸಂಜೆ ವಾರದ ಕೆಲಸವನ್ನೆಲ್ಲ ಅದಕ್ಕೆ ಇಳಿಸಿ, ಕೇಬಲ್ ಕಿತ್ತು ನಿಮ್ಮ ಯಜಮಾನರ ಮನೆಯ ಬೀರುವಿನಲ್ಲಿಡಿ. ಲ್ಯಾಪ್‌ಟಾಪಿಗೆ ಸದಾ ಸಿಕ್ಕಿಸಿಯೇ ಇಟ್ಟರೆ, ವೈರಸ್ ಬಂದ ದಿನ ಎರಡೂ ಒಟ್ಟಿಗೇ ಹೋಗುತ್ತವೆ.