ಸೇಫ್ಟಿ ಮೀಟಿಂಗ್‌ನಿಂದ ಏನಾದರೂ ಉಪಯೋಗ ಇದೆಯಾ?

ದಾವಣಗೆರೆಯ ಫ್ಯಾಕ್ಟರಿಯೊಂದಕ್ಕೆ ಹೊಸದಾಗಿ ಸೂಪರ್‌ವೈಸರ್ ಆಗಿ ಸೇರಿದ್ದೀರಿ. ಶಿಫ್ಟ್ ಶುರುವಿನ ಸೇಫ್ಟಿ ಮೀಟಿಂಗ್‌ನಿಂದ ಪ್ರಯೋಜನ ಇದೆಯಾ, ಇಲ್ಲಾ ಸುಮ್ನೆ ಹೊತ್ತು ಹಾಳಾ ಎಂದು ಕೇಳಿದ್ದೀರಿ. ನಾನು ಚಿತ್ರದುರ್ಗ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಯಲ್ಲಿ ಫೋರ್‌ಮನ್ ಆಗಿದ್ದವನು. ಪ್ರಯೋಜನ ಖಂಡಿತ ಇದೆ. ಆದರೆ ಅಲ್ಲಿ ಮಾತಾಡುವವರು ಯಾರು ಅನ್ನುವುದು ಮುಖ್ಯ.

ಮೊದಲು ಮೀಟಿಂಗ್‌ನಲ್ಲಿ ಸೂಚನೆಗಳನ್ನು ನಾನೇ ಓದುತ್ತಿದ್ದೆ. ಹೆಲ್ಮೆಟ್ ಹಾಕಿ, ಬ್ಲಾಸ್ಟಿಂಗ್ ಸೈರನ್ ಕೇಳಿದರೆ ದೂರ ಹೋಗಿ. ಎಲ್ಲರೂ ತಲೆ ಆಡಿಸಿ ಹೋಗುತ್ತಿದ್ದರು. ಒಂದು ದಿನ ಟಿಪ್ಪರ್ ಡ್ರೈವರ್ ಒಬ್ಬರು, ಇಳಿಜಾರಿನಲ್ಲಿ ಬ್ರೇಕ್ ತಡವಾಗಿ ಹಿಡಿಯುತ್ತಿದೆ ಎಂದರು. ಅವತ್ತು ಲೋಡ್ ಸಾಗಿಸುವುದು ತಡವಾಗಿತ್ತು. 'ಯಾರಿಗೂ ಇಲ್ಲದ್ದು ನಿಮಗೊಬ್ಬರಿಗೇನಾ?' ಎಂದು ಎಲ್ಲರೆದುರು ಗದರಿಬಿಟ್ಟೆ. ವಾರದೊಳಗೆ ಅದೇ ಗಾಡಿ ರಸ್ತೆ ಅಂಚಿನ ಮಣ್ಣಿನ ದಂಡೆ ಹತ್ತಿ ಮಗುಚಿತು. ಓಡಿಸುತ್ತಿದ್ದ ಹುಡುಗನ ಕಾಲು ಮುರಿಯಿತು. ದಾರಿ ಬಂದ್ ಆಗಿ ಆ ಶಿಫ್ಟಿನ ಕೆಲಸವೆಲ್ಲ ನಿಂತಿತು. ವಿಚಾರಿಸಿದರೆ ಇನ್ನೂ ಇಬ್ಬರಿಗೆ ಆ ಬ್ರೇಕಿನ ವಿಷಯ ಗೊತ್ತಿತ್ತು. ಬೈಸಿಕೊಳ್ಳುವುದು ಯಾಕೆ ಅಂತ ಸುಮ್ಮನಿದ್ದರಂತೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಕಾಗದ ಇದ್ದರೆ ಸಾಕು ಅಂದುಕೊಳ್ಳಬೇಡಿ. 1988ರ ಜುಲೈ 6ರಂದು ಬ್ರಿಟನ್ನಿನ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ನೆಲೆಯಲ್ಲಿ 167 ಜನ ಸತ್ತರು. ರಿಪೇರಿಗೆಂದು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿದ್ದರು. ಅದಕ್ಕೆ ಪರ್ಮಿಟ್ ಕಾಗದವೂ ಇತ್ತು. ಆದರೆ ಸುದ್ದಿ ರಾತ್ರಿ ಶಿಫ್ಟಿನವರ ಕಿವಿಗೆ ಬೀಳಲಿಲ್ಲ. ಅವರು ಆ ಪಂಪನ್ನೇ ಚಾಲೂ ಮಾಡಿದರು, ಗ್ಯಾಸ್ ಸೋರಿತು.

ಆ ಹುಡುಗ ಆಸ್ಪತ್ರೆಯಲ್ಲಿರುವಾಗಲೇ ನಾನು ಓದುವುದು ಬಿಟ್ಟೆ. 'ನಿನ್ನೆ ಎಲ್ಲಿ ಎದೆ ಝಲ್ ಅಂತು?' ಎಂದು ಕೇಳತೊಡಗಿದೆ. ಬಹಳ ದಿನ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬರು, ಬೆಂಚಿನ (ಗಣಿಯಲ್ಲಿ ಮೆಟ್ಟಿಲಿನ ಹಾಗೆ ಕಡಿದ ಹಂತ) ಅಂಚಿನಲ್ಲಿ ಬಿರುಕು ಕಂಡೆ ಎಂದರು. ಆಗಲೇ ಅಲ್ಲಿ ಕೆಲಸ ನಿಲ್ಲಿಸಿ ಸಡಿಲ ಕಲ್ಲು ಕೆಡವಿಸಿದೆವು. ಮರುದಿನ ಅವರ ಹೆಸರು ಹೇಳಿ, ಏನು ಮಾಡಿದೆವು ಅಂತ ಎಲ್ಲರಿಗೂ ತಿಳಿಸಿದೆ. ಒಡಿಶಾ, ಬಿಹಾರದ ಹುಡುಗರಿಗೆ ಹಿಂದಿಯಲ್ಲಿ ಇನ್ನೊಮ್ಮೆ. ಅಲ್ಲಿಂದ ಪುಸ್ತಕದಲ್ಲಿ ದೂರು ಜಾಸ್ತಿ ಆದವು. ಆಫೀಸಿನವರು ಗಾಬರಿಯಾದರು. ಆದರೆ ಗಾಡಿ ದಾರಿಯಲ್ಲಿ ಕೆಟ್ಟು ನಿಲ್ಲುವುದು ಕಡಿಮೆಯಾಯಿತು. ತೊಂದರೆ ಸಣ್ಣದಿದ್ದಾಗಲೇ ಗೊತ್ತಾಗುತ್ತಿತ್ತು, ಅಲ್ವಾ?

ಇನ್ನೊಂದು ಮಾತು. 'ಅಪಘಾತವಿಲ್ಲದೆ ಇಷ್ಟು ದಿನ' ಅನ್ನುವ ಬೋರ್ಡಿಗೆ ನಿಮ್ಮಲ್ಲಿ ಬಹುಮಾನ ಕಟ್ಟಿದ್ದರೆ, ದಯವಿಟ್ಟು ಅದನ್ನು ತೆಗೆಸಿ. ಎಲ್ಲರ ಬಹುಮಾನ ತಪ್ಪಿಸಿದ ಅನ್ನಿಸಿಕೊಳ್ಳಬಾರದೆಂದು, ಜಜ್ಜಿದ ಬೆರಳನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದವರನ್ನು ನಾನು ಕಂಡಿದ್ದೇನೆ.