ಬಾಸ್ ಬಡಕಲಾಗಿವೆ, ಕೊಳಕ್ಕೆ ಮಿನ್ನೋ ತಂದು ಬಿಡಲಾ?

ಒಂದು ಎಕರೆ ಕೊಳ, ಗಾಳಕ್ಕೆ ಬಿದ್ದ ಬಾಸ್ (ಬೇರೆ ಮೀನು ತಿಂದು ಬೆಳೆಯುವ ಮೀನು) ಎಲ್ಲಾ 10-12 ಇಂಚು, ತಲೆ ದಪ್ಪ, ಹೊಟ್ಟೆ ಒಳಗೆ ಹೋಗಿದೆ ಅಂತ ಬರೆದಿದ್ದೀರಿ. ಅವುಗಳ ಹೊಟ್ಟೆ ತುಂಬಿಸೋಕೆ ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಮೀನು ಬಿಡಲಾ ಅಂತ ಕೇಳಿದ್ದೀರಿ. ಬೇಡಿ, ದುಡ್ಡು ದಂಡ.

ನಾನು ಅದನ್ನೇ ಮಾಡಿದ್ದೆ. ಸಂಜೆ ಹೊತ್ತು ದಡದಲ್ಲಿ ಕೂತು ಚೀಲ ಬಿಚ್ಚಿದೆ. ಮಿನ್ನೋಗಳು ಗುಂಪು ಕಟ್ಟಿಕೊಂಡು ದಡದಂಚಲ್ಲೇ ನಿಂತವು. ಸ್ವಲ್ಪ ಹೊತ್ತಿಗೆ ನೀರು ಚಟಪಟ ಸಿಡಿಯತೊಡಗಿತು. ತಪ್ಪಿಸಿಕೊಳ್ಳಲು ಹೋಗಿ ಒಂದೆರಡು ದಡದ ಕೆಸರಿಗೇ ಹಾರಿ ಬಿದ್ದವು. ವಾರ ಬಿಟ್ಟು ನೋಡಿದರೆ ಒಂದೂ ಇಲ್ಲ. ಬಾಸ್ ಮಾತ್ರ ಹಾಗೇ ಬಡಕಲು.

ಈ ಮಿನ್ನೋ 3 ಇಂಚು ದಾಟುವುದೇ ಅಪರೂಪ, ಈಜುವುದೂ ನಿಧಾನ. ಮರಿ ಮಾಡುವಷ್ಟು ದಿನ ಉಳಿಯುವುದಿಲ್ಲ. ಬಾಸ್ ಇನ್ನೂ ಬಿಡದ ಹೊಸ ಕೊಳಕ್ಕಾದರೆ ಒಳ್ಳೆಯದೇ. ಆದರೆ ಬಾಸ್ ಒಂದು ಕಿಲೋ ಬೆಳೆಯೋಕೆ ಹೆಚ್ಚುಕಡಿಮೆ 10 ಕಿಲೋ ಮೀನು ತಿನ್ನಬೇಕು. ಅಷ್ಟನ್ನು ಚೀಲದಲ್ಲಿ ತಂದು ಸುರಿಯೋಕಾಗಲ್ಲ, ಅಲ್ವಾ? ಕೊಳದಲ್ಲೇ ಹುಟ್ಟಬೇಕು.

ಅದಕ್ಕೆ ಬ್ಲೂಗಿಲ್ ಎಂಬ ಚಪ್ಪಟೆ ಮೀನು ಬೇಕು. ನೀರು ಸುಮಾರು 21 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಬೇಸಿಗೆಯುದ್ದಕ್ಕೂ ಮತ್ತೆ ಮತ್ತೆ ಮೊಟ್ಟೆ ಇಡುತ್ತದೆ. ಆಳವಿಲ್ಲದ ಕಡೆ ಬಗ್ಗಿ ನೋಡಿ, ತಟ್ಟೆಯಂಥ ಗುಂಡಿಗಳು ಒತ್ತೊತ್ತಾಗಿ ಕಾಣುತ್ತವೆ. ಒಂದೊಂದರ ಮೇಲೂ ಒಂದು ಗಂಡು ಮೀನು ಬಾಲ ಬೀಸುತ್ತಾ ಕಾವಲು ನಿಂತಿರುತ್ತದೆ. ಅದನ್ನು ನೋಡುವ ಖುಷಿಯೇ ಬೇರೆ. ತರುವಾಗ 5 ಇಂಚು ದಾಟಿದವನ್ನೇ ತನ್ನಿ. ಬಾಸ್ ತನ್ನ ಉದ್ದದ ಮೂರನೇ ಒಂದು ಪಾಲಿನಷ್ಟು ಮೀನನ್ನು ಸಲೀಸಾಗಿ ನುಂಗುತ್ತದೆ. ಚಿಕ್ಕ ಮರಿ ತಂದರೆ ಮಿನ್ನೋ ಕತೆಯೇ ಆಗುತ್ತದೆ. ಹೈಬ್ರಿಡ್ (ಮಿಶ್ರತಳಿ) ಬ್ಲೂಗಿಲ್ ಬೇಡ. ಅದರಲ್ಲಿ ಗಂಡೇ ಜಾಸ್ತಿ, ಮರಿ ಸಾಲುವುದಿಲ್ಲ.

ಆದರೆ ಇದೆಲ್ಲಕ್ಕಿಂತ ಮೊದಲು ಗಾಳ ಹಾಕಿ. ನಿಮ್ಮ ಕೊಳದಲ್ಲಿ ತಿನ್ನುವ ಬಾಯಿಗಳೇ ಜಾಸ್ತಿಯಾಗಿವೆ. ಹೊಟ್ಟೆಗಿಲ್ಲದೆ ಎಲ್ಲವೂ ಒಂದೇ ಅಳತೆಗೆ ನಿಂತುಬಿಟ್ಟಿವೆ. 12 ಇಂಚಿನ ಒಳಗಿನ ಬಾಸ್ ಸಿಕ್ಕರೆ ವಾಪಸ್ ಬಿಡಬೇಡಿ, ಅಡುಗೆಗೆ ತೆಗೆದುಕೊಳ್ಳಿ. ವರ್ಷಕ್ಕೆ 10-12 ಕಿಲೋ ತೆಗೆದರೂ ಹೆಚ್ಚೇನಲ್ಲ. ಜೀವಂತ ಮೀನನ್ನು ವಾಪಸ್ ಬಿಡುವುದು ಒಳ್ಳೆಯ ಮನಸ್ಸಿನ ಕೆಲಸವೇ, ನಾನೂ ವರ್ಷಗಟ್ಟಲೆ ಬಿಟ್ಟೆ. ಉಳಿದವು ಉಪವಾಸ ಬಿದ್ದಿದ್ದು ಅದರಿಂದಲೇ.

ಈಗ ಸಿಗುವ ಬ್ಲೂಗಿಲ್ ಯಾವ ಅಳತೆಯವು ಅಂತ ನೀವು ಬರೆದಿಲ್ಲ. ಬರೀ ಅಂಗೈಯಗಲದವೇ ಸಿಕ್ಕಿ, ದಡದಲ್ಲಿ ಮರಿಗಳೇ ಕಾಣದಿದ್ದರೆ, ಮರಿಗಳನ್ನೆಲ್ಲ ಬಾಸ್ ತಿಂದು ಮುಗಿಸುತ್ತಿವೆ ಅಂತ ಅರ್ಥ. ಈ ವಾರವೇ ಬಾಸ್ ಹಿಡಿಯೋಕೆ ಶುರು ಮಾಡಿ.