ಆ ಸಹಿ ನಿಮ್ಮದು, ಸಿಸ್ಟರ್

ಕೊಪ್ಪಳ ಜಿಲ್ಲೆಯ ಭತ್ತದ ಸೀಮೆಯಿಂದ ಒಬ್ಬ ಸ್ಟಾಫ್ ನರ್ಸ್ ಬರೆದಿದ್ದಾರೆ. ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಹಳೆಯ ನೌಕರಿ. ಅಲ್ಲಿನ ಸರ್ಜನ್ ಇವರ ತಾಯಿಯ ಆಪರೇಷನ್‌ಗೆ ಒಂದು ರೂಪಾಯಿ ತಗೊಂಡಿಲ್ಲ. ಈಗ ಅದೇ ಡಾಕ್ಟ್ರು ನೋವಿನ ಇಂಜೆಕ್ಷನ್ ಪೆಂಟಜೋಸಿನ್ ತಮಗೇ ಚುಚ್ಚಿಕೊಳ್ಳುತ್ತಿದ್ದಾರೆ. ಆಪರೇಷನ್ ಥಿಯೇಟರ್‌ಗೆ ತಡವಾಗಿ ಬರುತ್ತಾರೆ, ಕೈ ನಡುಗುತ್ತದೆ. 'ಉಂಡ ಮನೆಯ ಜಂತಿ ಎಣಿಸಬಾರದು ಅಂತಾರೆ. ದೇವರಂಥ ಮನುಷ್ಯ. ಯಾರಿಗಾದರೂ ಹೇಳಲಾ, ಸುಮ್ನಿರಲಾ?' ಇದು ಅವರ ಪ್ರಶ್ನೆ.

ಪತ್ರದ ನಡುವೆ ಒಂದು ಸಾಲಿದೆ. 'ಖರ್ಚಾದ ಇಂಜೆಕ್ಷನ್ ಆಂಪೂಲ್‌ಗಳನ್ನ ಯಾರಾದರೂ ಪೇಷಂಟ್ ಹೆಸರಿಗೆ ಬರೆದು ಸಹಿ ಹಾಕ್ತೀನಿ, ಅದು ಇರಲಿ.'

ಹೇಗೆ ಇರಲಿ, ಸಿಸ್ಟರ್? ಆ ಪೇಷಂಟ್ ಕೇಸ್ ಶೀಟ್ ಪ್ರಕಾರ ಆರಾಮಾಗಿ ಮಲಗಿರಬೇಕು. ಅವನು ಮಾತ್ರ ಹೊಟ್ಟೆ ಹಿಡಿದುಕೊಂಡು ನರಳುತ್ತಾನೆ. ರಾತ್ರಿ ಪಾಳಿಯವರು ಶೀಟ್ ನೋಡಿ, 'ಆಗಲೇ ಕೊಟ್ಟಿದೆಯಲ್ಲ' ಅಂತ ಮುಂದಿನ ಡೋಸ್ ತಡ ಮಾಡುತ್ತಾರೆ. ನೀವು ಹೇಳಲಾ ಬೇಡವಾ ಅಂತ ಯೋಚಿಸುತ್ತಿದ್ದೀರಿ. ಆ ರಿಜಿಸ್ಟರ್‌ನಲ್ಲಿ ಆಗಲೇ ಹೇಳಿಯಾಗಿದೆ, ಅದೂ ಸುಳ್ಳು.

ಇನ್ನೊಂದು ವಿಷಯ. ಪೆಂಟಜೋಸಿನ್ 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ವ್ಯಸನಕ್ಕೆ ಬಿದ್ದವರು ತಾವಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಹೋದರೆ, ಬಳಸಿದ ತಪ್ಪಿಗೆ ಮೊಕದ್ದಮೆಯಿಂದ ವಿನಾಯ್ತಿ ಸಿಗಲು ಅದೇ ಕಾಯ್ದೆಯ 64ಎ ಕಲಂ ದಾರಿ ಕೊಡುತ್ತದೆ. ಅಂದರೆ ನಿಮ್ಮ ಡಾಕ್ಟ್ರಿಗೆ ಒಂದು ಬಾಗಿಲು ತೆರೆದಿದೆ. ಸುಳ್ಳು ಲೆಕ್ಕ ಬರೆದವರಿಗೆ ಆ ಬಾಗಿಲಿಲ್ಲ.

ಡಾಕ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಅದು ಕಾಯಿಲೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಮದ್ಯ, ಮಾದಕ ವಸ್ತುವಿನಿಂದ ಬರುವ ಸ್ಥಿತಿಯನ್ನು ಕಾಯಿಲೆ ಎಂದೇ ಎಣಿಸುತ್ತದೆ. ಅಮೆರಿಕದಲ್ಲಿ 1973ರಲ್ಲೇ ವೈದ್ಯರ ಸಂಘ ಕಾಯಿಲೆ ಬಿದ್ದ ವೈದ್ಯರ ಬಗ್ಗೆ ವರದಿ ತಂದಿತು. ಆಮೇಲೆ ಹೆಚ್ಚಿನ ರಾಜ್ಯಗಳು ಅವರಿಗಾಗಿ ಬೇರೆ ವ್ಯವಸ್ಥೆ ಮಾಡಿಕೊಂಡವು. ಚಿಕಿತ್ಸೆ, ಹೇಳದೆ ಕೇಳದೆ ಮೂತ್ರ ಪರೀಕ್ಷೆ, ಸಾಮಾನ್ಯವಾಗಿ ಐದು ವರ್ಷದ ನಿಗಾ. ನಮ್ಮ 2002ರ ವೈದ್ಯಕೀಯ ನಡವಳಿಕೆ ನಿಯಮದಲ್ಲಿ ಇಂಥದ್ದರ ಮಾತೇ ಇಲ್ಲ. ದೂರು, ವಿಚಾರಣೆ, ಶಿಕ್ಷೆ, ಅಷ್ಟೇ. ಅದಕ್ಕೇ ಎಲ್ಲರೂ ಮುಚ್ಚಿಡುತ್ತಾರೆ. ಜೊತೆಗೆ ಈ 'ದೇವರಂಥ ಡಾಕ್ಟ್ರು' ಅನ್ನೋ ಭಕ್ತಿ ಬೇರೆ. ಈ ಅಂಕಣ ಓದುವವರಿಗೆ ಗೊತ್ತು, ಅದನ್ನು ಕಂಡರೆ ನನಗಾಗಲ್ಲ. ದೇವರಿಗೆ ಕಾಯಿಲೆ ಬರಲ್ಲ. ಹಾಗಾಗಿ ದೇವರನ್ನು ಯಾರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲ್ಲ.

ನನ್ನ ಸಿಟ್ಟೆಲ್ಲ ನಿಮ್ಮ ಪತ್ರದಲ್ಲಿ ಬರುವ, ಹೊಸಪೇಟೆಯಿಂದ ಬಂದು ಹೋಗುವ ಆ ಅನಸ್ತೇಶಿಯಾ ಡಾಕ್ಟ್ರ ಮೇಲೆ. ಎಲ್ಲ ಗೊತ್ತಿದ್ದೂ 'ನೀವೇ ಒಂದ್ ಮಾತು ಹೇಳ್ರಿ ಸಿಸ್ಟರ್' ಅಂದರಂತೆ! ಸಂಬಳಕ್ಕಿರುವ ಹೆಣ್ಣುಮಗಳನ್ನು ಮುಂದೆ ತಳ್ಳುವುದಾ? ವೃತ್ತಿಯಲ್ಲಿರುವವರ ಅಸಮರ್ಥ, ಅನೈತಿಕ ನಡೆಯನ್ನು ಭಯ, ಮುಲಾಜು ಇಲ್ಲದೆ ಬಯಲಿಗೆ ತರಬೇಕು ಎಂದು 2002ರ ನಿಯಮ ಹೇಳುವುದು ಅವರಿಗೆ. ನಡುಗುವ ಕೈ ಕಂಡ ದಿನ ಪೇಷಂಟ್‌ಗೆ ಅರಿವಳಿಕೆ ಕೊಡಲ್ಲ ಅಂದರೆ ಆಪರೇಷನ್ ಅಲ್ಲೇ ನಿಲ್ಲುತ್ತದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಬೇಕಾದವರೂ ಅವರೇ. ಈ ಪುಟವನ್ನು ಬೇಕಾದರೆ ಅವರ ಮೇಜಿನ ಮೇಲಿಡಿ.

ನಿಮಗೆ ನಾನು ಹೇಳುವುದು ಒಂದೇ. ಕಣ್ಣೆದುರು ಪೇಷಂಟ್‌ಗೆ ಕೊಡದ ಇಂಜೆಕ್ಷನ್‌ಗೆ ಇನ್ನು ಸಹಿ ಹಾಕಬೇಡಿ. ಒಂದಕ್ಕೂ ಬೇಡ. ಡಾಕ್ಟ್ರು ಯಾಕೆ ಅಂತ ಕೇಳೇ ಕೇಳುತ್ತಾರೆ. ಆಗ 'ಸರ್, ನಿಮಗೆ ಹುಷಾರಿಲ್ಲ, ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿ ಬನ್ನಿ' ಅನ್ನಿ. ಅದು ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ತಾಯಿಯ ಋಣ ತೀರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ. ಅವರು ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಫೋನ್ ಮಾಡಿ, ಮುಂದೇನು ಅಂತ ಕೇಳಿ.

ಹಳೆಯ ಪುಟಗಳನ್ನು ಹರಿಯಬೇಡಿ, ತಿದ್ದಬೇಡಿ. ಈ ವಾರವೇ ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ಖರ್ಚಿಲ್ಲ.